ಬಿಟ್ಟು ಹೋದವನು ವಾಪಸ್ ಬಂದರೆ

ಅಮೆರಿಕದಲ್ಲಿ ಇವತ್ತಿಗೂ ಹಳೆಯ ಪದ್ಧತಿಯಲ್ಲೇ ಬದುಕುವ ಆಮಿಶ್ ಎಂಬ ಕ್ರೈಸ್ತ ಪಂಗಡದ ಸುತ್ತ ಬರೆದ ಪ್ರೇಮ ಕಾದಂಬರಿಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟದ ಕಥೆ ಒಂದೇ. ಹತ್ತು ವರ್ಷದ ಹಿಂದೆ ಊರು ಬಿಟ್ಟು ಹೋದ ಹುಡುಗ ಒಂದು ದಿನ ವಾಪಸ್ ಬರುತ್ತಾನೆ. ಅವನನ್ನು ಪ್ರೀತಿಸಿದ್ದವಳು ಇನ್ನೂ ಅಲ್ಲೇ ಇದ್ದಾಳೆ. ಲೇಖಕಿ ಬದಲಾಗುತ್ತಾರೆ, ಹಳ್ಳಿ ಬದಲಾಗುತ್ತದೆ, ಅವಳು ಒಮ್ಮೆ ಬೇಕರಿ ನಡೆಸುತ್ತಿರುತ್ತಾಳೆ, ಇನ್ನೊಮ್ಮೆ ಶಾಲೆಯ ಟೀಚರ್ ಆಗಿರುತ್ತಾಳೆ. ಕಥೆ ಮಾತ್ರ ಇದೇ. ಎಷ್ಟು ಸಲ ಓದಿದರೂ ಸಾಕು ಅನಿಸಿಲ್ಲ. ಯಾಕೆ ಅಂತ ಬರೆಯಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು.

ನಾನಿರುವುದು ಒಹಾಯೋದ ಕೊಲಂಬಸ್‌ನಲ್ಲಿ. ಇಲ್ಲಿಂದ ಈಶಾನ್ಯಕ್ಕೆ ಕಾರು ಹೊರಟರೆ ಹೋಮ್ಸ್ ಕೌಂಟಿ, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಥರಾನೇ ಆಮಿಶ್ ಜನ ತುಂಬಾ ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಜಾಗ. ನಮ್ಮ ಕಡೆಯ ಲೈಬ್ರರಿಗಳಲ್ಲಿ ಈ ಕಾದಂಬರಿಗಳಿಗೆ ಸಾಲುಗಟ್ಟಲೆ ಜಾಗ. ಮುಖಪುಟದಲ್ಲಿ ಬಿಳಿ ಟೋಪಿ ಹಾಕಿಕೊಂಡ ಹುಡುಗಿ, ಹಿಂದೆ ಗೋಧಿ ಹೊಲ, ದೂರದಲ್ಲಿ ಕುದುರೆ ಗಾಡಿ. ಮುಖಪುಟ ನೋಡಿ ಒಳಗೇನಿದೆ ಅಂತ ತೀರ್ಮಾನ ಮಾಡಿಬಿಡುವವರು ಜಾಸ್ತಿ. ಅವರಿಗೆ ಒಂದಷ್ಟು ವಿಷಯ ಹೇಳಬೇಕು.

ಆಮಿಶರು 1693ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಆಲ್ಸೇಸ್ ಕಡೆ ಯಾಕೋಬ್ ಅಮ್ಮಾನ್ ಎಂಬ ಹಿರಿಯನ ಹಿಂದೆ ನಿಂತು ಉಳಿದ ಅನಾಬ್ಯಾಪ್ಟಿಸ್ಟರಿಂದ, ಅಂದರೆ ದೊಡ್ಡವರಾದ ಮೇಲಷ್ಟೇ ದೀಕ್ಷಾಸ್ನಾನ ಅನ್ನುವವರಿಂದ, ಬೇರೆಯಾದ ಕ್ರೈಸ್ತ ಪಂಗಡ. ಬೇರೆಯಾದದ್ದು ಯಾತಕ್ಕೆ ಗೊತ್ತಾ? ಆ ಜಗಳದ ಮುಖ್ಯ ವಿಷಯಗಳಲ್ಲಿ ಒಂದು ಊಟ. ಸಭೆಯಿಂದ, ಅಂದರೆ ತಮ್ಮ ಚರ್ಚಿನ ಬಳಗದಿಂದ, ಹೊರಹಾಕಿದ ಮನುಷ್ಯನ ಜೊತೆ ಕೂತು ಉಣ್ಣಬಹುದೇ, ಕೂಡದೇ? ಕೂಡದು ಎಂದ ಅಮ್ಮಾನ್. 18ನೇ ಶತಮಾನದಲ್ಲಿ ಅವರು ಪೆನ್ಸಿಲ್ವೇನಿಯಾಕ್ಕೆ ಬಂದರು. 1900ರ ಹೊತ್ತಿಗೆ ಸುಮಾರು 5,000 ಜನ ಇದ್ದರು, ಈಗ ಸುಮಾರು 4 ಲಕ್ಷ. ಅದೇ ಊಟದ ಪ್ರಶ್ನೆ ಇವತ್ತಿಗೂ ಅವರ ಮನೆಗಳಲ್ಲಿ ಜೀವಂತ. ಕಾದಂಬರಿಗಳು ಶುರುವಾಗುವುದೂ ಅಲ್ಲಿಂದಲೇ. 1997ರಲ್ಲಿ ಬಂದು ಲಕ್ಷಗಟ್ಟಲೆ ಮಾರಾಟವಾಗಿ ಈ ಇಡೀ ಪ್ರಕಾರಕ್ಕೆ ದಾರಿ ಮಾಡಿದ ಬೆವರ್ಲಿ ಲೂಯಿಸ್ ಅವರ ಪುಸ್ತಕದ ಹೆಸರೇ ‘ದಿ ಶನ್ನಿಂಗ್’, ಅಂದರೆ ಈ ಬಹಿಷ್ಕಾರವೇ. ಆಮೇಲೆ ಪುಸ್ತಕಗಳು ಒಂದರ ಹಿಂದೆ ಒಂದು ಬಂದವು. 2002ರಲ್ಲಿ ಇಂಥ ಹೊಸ ಕಾದಂಬರಿ ಎರಡು ಬಂದಿದ್ದರೆ 2012ರಲ್ಲಿ 85 ಬಂದವು.

ಈಗ ಪ್ರೀತಿಯ ವಿಷಯಕ್ಕೆ ಬರೋಣ. ಆಮಿಶರಲ್ಲಿ ವಿಚ್ಛೇದನ ಇಲ್ಲ. ಗಂಡನೋ ಹೆಂಡತಿಯೋ ತೀರಿಕೊಂಡರೆ ಮಾತ್ರ ಮತ್ತೆ ಮದುವೆ. ಬೇರೆ ಪ್ರೇಮಕಥೆಗಳಲ್ಲಿ ಎರಡನೇ ಅವಕಾಶ ಅಂದರೆ ಡೈವೋರ್ಸ್ ಆದವರು ಮತ್ತೆ ಸಿಗುವುದು, ಕೆಟ್ಟ ಸಂಸಾರದಿಂದ ಹೊರಬಂದವಳಿಗೆ ಒಳ್ಳೆಯವನು ಸಿಗುವುದು, ಹೀಗೆ ಹತ್ತು ದಾರಿ. ಇಲ್ಲಿ ಅವೆಲ್ಲ ಮುಚ್ಚಿವೆ. ಮದುವೆಗೆ ಮೊದಲೇ ಮುರಿದಿರಬೇಕು, ಇಲ್ಲವೇ ಸಾವು ಬಂದಿರಬೇಕು. ಇಷ್ಟು ಕಿರಿದಾದ ಜಾಗದಲ್ಲಿ ಲೇಖಕಿ ಕಥೆ ಕಟ್ಟಬೇಕು. ಕಥೆಗೆ ಬಿಗಿ ಬರುವುದೇ ಅದರಿಂದ ಅಂತ ನನಗೆ ಅನಿಸುತ್ತದೆ.

ಹುಡುಗ ಊರು ಬಿಟ್ಟು ಹೋದ ಅಂತ ಕಥೆ ಹೇಳಿದ ಕೂಡಲೇ ತಿಳಿದ ಓದುಗರು ಕೇಳುವುದು ಒಂದೇ ಪ್ರಶ್ನೆ. ದೀಕ್ಷಾಸ್ನಾನ ಆಗಿತ್ತಾ, ಇಲ್ವಾ? ಆಮಿಶರಲ್ಲಿ ಮಗುವಿಗೆ ದೀಕ್ಷಾಸ್ನಾನ ಮಾಡಿಸುವುದಿಲ್ಲ. ದೊಡ್ಡವರಾದ ಮೇಲೆ, ಸಾಮಾನ್ಯವಾಗಿ 18ರಿಂದ 22ರ ನಡುವೆ, ಸ್ವಂತ ಮನಸ್ಸಿನಿಂದ ಸಭೆಗೆ ಸೇರಬೇಕು. ಸೇರದೆ ಮದುವೆ ಆಗುವ ಹಾಗಿಲ್ಲ. 16ರಿಂದ ಅಲ್ಲಿಯವರೆಗೆ ರುಮ್‌ಸ್ಪ್ರಿಂಗಾ, ಸ್ವಲ್ಪ ಸಡಿಲದ ಕಾಲ. ಭಾನುವಾರ ಸಂಜೆ ಹುಡುಗ ಹುಡುಗಿಯರು ಯಾರದೋ ಮನೆಯಲ್ಲಿ ಸೇರಿ ಹಾಡುತ್ತಾರೆ. ಆಮೇಲೆ ಹುಡುಗ ತನ್ನ ಗಾಡಿಯಲ್ಲಿ ಹುಡುಗಿಯನ್ನು ಮನೆಗೆ ಬಿಡುತ್ತಾನೆ. ಪ್ರೀತಿ ಹುಟ್ಟುವುದು ಆ ಗಾಡಿಯಲ್ಲಿ. ಸ್ನಾನಕ್ಕೆ ಮೊದಲೇ ಊರು ಬಿಟ್ಟರೆ ಬಹಿಷ್ಕಾರ ಇಲ್ಲ, ಯಾಕೆಂದರೆ ಅವನು ಮಾತೇ ಕೊಟ್ಟಿರಲಿಲ್ಲ. ಅಪ್ಪ ಅಮ್ಮ ಅಳುತ್ತಾರೆ ನಿಜ, ಆದರೆ ಅವನು ಬಂದಾಗ ಜೊತೆಗೆ ಕೂತು ಉಣ್ಣುತ್ತಾರೆ. ಸ್ನಾನ ಆದ ಮೇಲೆ ಬಿಟ್ಟರೆ ದೇವರ ಮುಂದೆ, ಸಭೆಯ ಮುಂದೆ ಮಂಡಿಯೂರಿ ಕೊಟ್ಟ ಮಾತು ಮುರಿದ ಹಾಗೆ. ಆಮೇಲೆ ಅವನ ಕೈಯಿಂದ ಏನೂ ತೆಗೆದುಕೊಳ್ಳುವ ಹಾಗಿಲ್ಲ, ಅವನ ಮೇಜಿನಲ್ಲಿ ಕೂರುವ ಹಾಗಿಲ್ಲ. ಕೆಲವು ಮನೆಗಳಲ್ಲಿ ಎರಡು ಮೇಜುಗಳನ್ನು ಒಂಚೂರೇ ದೂರ ಇಟ್ಟು ಮೇಲೆ ಒಂದೇ ಬಟ್ಟೆ ಹಾಸುತ್ತಾರೆ. ನಿಯಮವೂ ಉಳಿಯಿತು, ಮಗನೂ ಎದುರಿಗೆ ಕೂತ. ಆ ಬಟ್ಟೆ ಹಾಸುವ ತಾಯಿಯನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಆದರೆ ನಾನು ಯೋಚಿಸುವುದು ಆ ಹುಡುಗಿಯ ಬಗ್ಗೆ.

ಅವನು ಸ್ನಾನಕ್ಕೆ ಮೊದಲೇ ಹೋದ ಅಂದುಕೊಳ್ಳಿ. ವಾಪಸ್ ಬಂದರೆ ಸಭೆಗೆ ಕ್ಷಮಿಸಲು ಏನೂ ಇಲ್ಲ. ದೀಕ್ಷಾಸ್ನಾನದ ತಯಾರಿಯ ತರಗತಿಗೆ ಹೋಗುತ್ತಾನೆ, ಸ್ನಾನ ತೆಗೆದುಕೊಳ್ಳುತ್ತಾನೆ, ಎಲ್ಲರೂ ಸಂತೋಷಪಡುತ್ತಾರೆ. ಅವನು ಮಾತು ಮುರಿದದ್ದು ಒಬ್ಬಳಿಗೆ ಮಾತ್ರ. ಅವಳ ಮುಂದೆ ಮಂಡಿಯೂರುವ ಪದ್ಧತಿ ಎಲ್ಲೂ ಇಲ್ಲ. ಇನ್ನೂ ಒಂದು ಇದೆ. ಹಳೆಯ ಪದ್ಧತಿಯಲ್ಲಿ ಪ್ರೀತಿ ಗುಟ್ಟಿನ ವಿಷಯ. ಶರತ್ಕಾಲದಲ್ಲಿ ಸಭೆಯಲ್ಲಿ ಇಂಥವರ ಮದುವೆ ಅಂತ ಘೋಷಿಸುವವರೆಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ಅವನು ಹೋದಾಗ ಅವಳು ಏನು ಕಳೆದುಕೊಂಡಳು ಅಂತ ಊರಿಗೆ ಗೊತ್ತೇ ಆಗಿರಲಿಲ್ಲ. ಗಂಡ ಸತ್ತವಳಿಗೆ ಒಂದು ವರ್ಷ ಕಪ್ಪು ಬಟ್ಟೆ ಇದೆ, ನೋಡಿದವರಿಗೆ ದುಃಖ ಕಾಣುತ್ತದೆ, ಅಕ್ಕಪಕ್ಕದವರು ಬಂದು ಹಾಲು ಕರೆದುಕೊಡುತ್ತಾರೆ, ಊಟ ತಂದಿಡುತ್ತಾರೆ. ಇವಳು ಎಂದಿನ ನೀಲಿ ಬಟ್ಟೆಯಲ್ಲೇ ಸೋಮವಾರ ಒಗೆದ ಬಟ್ಟೆ ಒಣಹಾಕಬೇಕು.

ಇನ್ನು ಅವನು ಸ್ನಾನ ಆದ ಮೇಲೆ ಹೋದ ಅಂದುಕೊಳ್ಳಿ. ಇದಕ್ಕೆ ಸಭೆಯಲ್ಲಿ ವ್ಯವಸ್ಥೆ ಇದೆ, ಗಟ್ಟಿಯಾದ ವ್ಯವಸ್ಥೆ. ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು, ಸದಸ್ಯರಲ್ಲದವರನ್ನು ಹೊರಗೆ ಕಳಿಸುತ್ತಾರೆ. ಅವನು ಎಲ್ಲರ ಮುಂದೆ ಮಂಡಿಯೂರುತ್ತಾನೆ, ತಪ್ಪು ಒಪ್ಪಿಕೊಳ್ಳುತ್ತಾನೆ. ಬಿಷಪ್ ಕೈ ಹಿಡಿದು ಎಬ್ಬಿಸಿ ಪವಿತ್ರ ಮುತ್ತು ಕೊಡುತ್ತಾನೆ. ಅಲ್ಲಿಗೆ ಮುಗಿಯಿತು. ಆಮೇಲೆ ಆ ವಿಷಯ ಯಾರೂ ಎತ್ತಬಾರದು. ಎತ್ತಿದರೆ ಎತ್ತಿದವರದೇ ತಪ್ಪು. ಮೊದಲ ಸಲ ಇದನ್ನು ತಿಳಿದಾಗ ಎಷ್ಟು ಚೆನ್ನಾಗಿದೆ ಅನಿಸಿತು. ಜೀವನಪೂರ್ತಿ ಹಳೆಯದನ್ನು ಕೆದಕುವ ನೆಂಟರನ್ನು ಕಂಡವರಿಗೆ ಇದು ಸ್ವರ್ಗದ ಹಾಗೆ ಕೇಳಿಸುತ್ತದೆ ಅಲ್ವಾ? ಆಮೇಲೆ ಹೆಂಗಸರ ಸಾಲಿನಲ್ಲಿ ಕೂತಿರುವ ಅವಳು ನೆನಪಾದಳು. ಊರೆಲ್ಲ ಕ್ಷಮಿಸಿ ಮುಗಿಸಿದ ಮೇಲೆ ಅವಳ ಕೋಪಕ್ಕೆ ಎಲ್ಲಿ ಜಾಗ?

ಎರಡು ದಾರಿಯಲ್ಲೂ ಅವಳ ನೋವಿಗೆ ಅಂತ ಹೊತ್ತು ಇಟ್ಟಿಲ್ಲ. ಆ ಹೊತ್ತನ್ನು ಕೊಡುವುದು ಕಾದಂಬರಿ. ಮುನ್ನೂರು ಪುಟ. ಅವಳು ಅನುಮಾನಪಡಬಹುದು, ಅವನು ಕೊಟ್ಟ ಸೇಬಿನ ಬುಟ್ಟಿಯನ್ನು ವಾಪಸ್ ಕಳಿಸಬಹುದು, ಗಾಡಿ ಹತ್ತಲ್ಲ ಅನ್ನಬಹುದು. ಈ ಕಥೆ ನನಗೆ ಸಾಕು ಅನಿಸದೆ ಇರುವುದಕ್ಕೆ ಕಾರಣ ಇದೇ. ಅವರು ಒಂದಾಗುತ್ತಾರೆ ಅಂತ ಮೊದಲ ಪುಟದಲ್ಲೇ ಗೊತ್ತು. ನಾನು ಓದುವುದು ಅವಳು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾಳೆ ಅಂತ ನೋಡಲು.

ಆಮಿಶರ ಕ್ಷಮೆ ಎಂಥದು ಅಂತ ತಿಳಿಯದೆ ಇದು ಪೂರ್ತಿ ಅರ್ಥವಾಗುವುದಿಲ್ಲ. ಹೋಮ್ಸ್ ಕೌಂಟಿಯ ಬರ್ಲಿನ್ ಎಂಬ ಊರಿನಲ್ಲಿ ಬೆಹಾಲ್ಟ್ ಎಂಬ ದೊಡ್ಡ ಚಿತ್ರ ಇದೆ. ದುಂಡಗಿನ ಕೋಣೆಯ ಗೋಡೆ ಸುತ್ತ 265 ಅಡಿ ಉದ್ದ, ಅನಾಬ್ಯಾಪ್ಟಿಸ್ಟರ ಇತಿಹಾಸ ಪೂರ್ತಿ. ಆ ಇತಿಹಾಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವನು ಡಿರ್ಕ್ ವಿಲೆಮ್ಸ್. 1569, ನೆದರ್ಲೆಂಡ್ಸ್‌ನ ಆಸ್ಪೆರೆನ್. ಅನಾಬ್ಯಾಪ್ಟಿಸ್ಟ್ ಆದದ್ದಕ್ಕೆ ಸೆರೆ ಸೇರಿದ್ದ ಅವನು ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಾನೆ. ಹಿಂದೆ ಅಟ್ಟಿಕೊಂಡು ಬಂದವನ ಕಾಲ ಕೆಳಗೆ ಮಂಜುಗಡ್ಡೆ ಒಡೆಯುತ್ತದೆ. ಡಿರ್ಕ್ ತಿರುಗಿ ಬಂದು ಅವನನ್ನು ಎತ್ತುತ್ತಾನೆ. ಅಷ್ಟಕ್ಕೇ ಸಿಕ್ಕಿಬೀಳುತ್ತಾನೆ, ಸುಟ್ಟು ಕೊಲ್ಲುತ್ತಾರೆ. ಆಮಿಶ್ ಮಕ್ಕಳು ಈ ಕಥೆ ಕೇಳಿಕೊಂಡು ಬೆಳೆಯುತ್ತಾರೆ. ಅವನು ಯೋಚಿಸುತ್ತಾ ನಿಲ್ಲಲಿಲ್ಲ ನೋಡಿ. ತಕ್ಷಣ ತಿರುಗಿದ.

ಅದೇ ಜನ 2006ರ ಅಕ್ಟೋಬರ್ 2ರಂದು ಲ್ಯಾಂಕಾಸ್ಟರ್ ಕೌಂಟಿಯ ನಿಕಲ್ ಮೈನ್ಸ್‌ನ ಶಾಲೆಯಲ್ಲಿ ಹತ್ತು ಹುಡುಗಿಯರಿಗೆ ಗುಂಡು ಬಿದ್ದು ಐದು ಮಕ್ಕಳು ಸತ್ತಾಗ, ಕೆಲವೇ ಗಂಟೆಗಳಲ್ಲಿ ಕೊಂದವನ ಮನೆಯವರನ್ನು ಹುಡುಕಿಕೊಂಡು ಹೋಗಿ ಕ್ಷಮಿಸಿದ್ದೇವೆ ಎಂದರು. ಅವನ ಅಂತ್ಯಸಂಸ್ಕಾರಕ್ಕೂ ಹೋದರು. ಜಗತ್ತು ಬೆರಗಾಯಿತು. ಆದರೆ ಆಮೇಲಿನ ವರ್ಷಗಳಲ್ಲಿ ಆ ತಾಯ್ತಂದೆಯರು ಹೇಳಿದ ಮಾತು ಅಷ್ಟು ಸುದ್ದಿಯಾಗಲಿಲ್ಲ. ಕ್ಷಮಿಸುವುದು ಒಂದು ಸಲಕ್ಕೆ ಮುಗಿಯುವುದಿಲ್ಲ, ಮತ್ತೆ ಮತ್ತೆ ಕ್ಷಮಿಸಬೇಕಾಗುತ್ತದೆ ಅಂತ ಅವರು ಹೇಳಿದ್ದಾರೆ. ನಿರ್ಧಾರ ಒಂದು ದಿನದ್ದು, ಮನಸ್ಸು ಹಿಂದಿನಿಂದ ನಿಧಾನವಾಗಿ ಬರುತ್ತದೆ. ಒಳ್ಳೆಯ ಆಮಿಶ್ ಕಾದಂಬರಿಗೆ ಇದು ಗೊತ್ತಿರುತ್ತದೆ. ‘ನಿನ್ನನ್ನು ಕ್ಷಮಿಸಿದ್ದೇನೆ’ ಅಂತ ಅವಳು ಐವತ್ತನೇ ಪುಟದಲ್ಲೇ ಹೇಳಿಬಿಡುತ್ತಾಳೆ, ಹೇಳಲೇಬೇಕು, ಅದು ಅವಳ ಧರ್ಮ. ನಂಬಿಕೆ ಬರುವುದು ಇನ್ನೂರೈವತ್ತನೇ ಪುಟದಲ್ಲಿ. ನಡುವಿನ ಇನ್ನೂರು ಪುಟಗಳಿಗಾಗಿಯೇ ನಾನು ದುಡ್ಡು ಕೊಡುವುದು.

ಕೆಟ್ಟ ಕಾದಂಬರಿಗಳೂ ಬೇಕಾದಷ್ಟಿವೆ. ಅವುಗಳಲ್ಲಿ ಅವನು ಹೋಗಿರುವುದೇ ಇಲ್ಲ ಅನ್ನುವ ಹಾಗೆ ಮಾಡಿಬಿಡುತ್ತಾರೆ. ಪತ್ರ ಬರೆದಿದ್ದ, ಅವಳ ಅಕ್ಕ ಬಚ್ಚಿಟ್ಟಿದ್ದಳು, ಪತ್ರ ಸಿಕ್ಕಿತು, ಮುಗಿಯಿತು. ಮನೆಯೊಳಗೆ ಫೋನ್ ಇಲ್ಲದ, ದಾರಿ ಕೊನೆಯ ಗುಡಿಸಲಿನಲ್ಲಿ ನಾಲ್ಕು ಮನೆಗೆ ಒಂದು ಫೋನ್ ಇರುವ ಊರಿನಲ್ಲಿ ಪತ್ರ ಕಳೆದುಹೋಗುವುದು ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಅವನದು ತಪ್ಪೇ ಇಲ್ಲ ಅಂದರೆ ಎರಡನೇ ಅವಕಾಶ ಯಾರಿಗೆ ಕೊಟ್ಟಿದ್ದು? ನನಗೆ ಹೆದರಿ ಓಡಿಹೋದವನೇ ಬೇಕು. ಸಿಟಿಯಲ್ಲಿ ಕಾರು ಓಡಿಸಿ, ಕಟ್ಟಡ ಕೆಲಸ ಮಾಡಿ, ಬೇರೆ ಹುಡುಗಿಯ ಜೊತೆ ಓಡಾಡಿ, ತಪ್ಪು ಮಾಡಿದ್ದೇನೆ ಅಂತ ಗೊತ್ತಿದ್ದೂ ಬಂದು ನಿಲ್ಲುವವನು. ಲ್ಯಾಂಕಾಸ್ಟರ್ ಕಡೆ ಮದುವೆಯಾದ ಮೇಲೆ ಗಡ್ಡ ಬಿಡುತ್ತಾರೆ. ಮೂವತ್ತು ದಾಟಿದವನು ನುಣ್ಣನೆ ಕೆನ್ನೆಯಲ್ಲಿ ಬಂದು ನಿಂತರೆ ಅವಳಿಗೆ ಒಂದೇ ನೋಟಕ್ಕೆ ಅವನ ಹತ್ತು ವರ್ಷದ ಅರ್ಧ ಕಥೆ ಗೊತ್ತಾಗುತ್ತದೆ. ಬಲ್ಲ ಲೇಖಕಿ ಇಂಥ ಕಡೆ ಒಂದು ಸಾಲಿನಲ್ಲಿ ಮುಗಿಸುತ್ತಾಳೆ.

ಇನ್ನೊಂದು ಕೊರತೆ ದೊಡ್ಡದು. ಇವುಗಳನ್ನು ಬರೆಯುವವರಲ್ಲಿ ಹೆಚ್ಚಿನವರು ಆಮಿಶರಲ್ಲ, ದೇವರ ಜೊತೆ ಒಬ್ಬೊಬ್ಬರದೇ ನೇರ ಅನುಭವಕ್ಕೆ ಒತ್ತು ಕೊಡುವ ಇವಾಂಜೆಲಿಕಲ್ ಕ್ರೈಸ್ತರು. ಓದುವವರಲ್ಲೂ ಅವರೇ ಹೆಚ್ಚು, ಆಮಿಶ್ ಹೆಂಗಸರೂ ಕೆಲವರು ಓದುತ್ತಾರೆ. ಹಾಗಾಗಿ ಕಥೆಯ ತಿರುವಿನಲ್ಲಿ ನಾಯಕ ಒಬ್ಬನೇ ಕೊಟ್ಟಿಗೆಯಲ್ಲಿ ಪ್ರಾರ್ಥಿಸುತ್ತಾನೆ, ದೇವರು ಅವನ ಎದೆಯೊಳಗೆ ಮಾತಾಡುತ್ತಾನೆ, ಅವನಿಗೆ ಬಿಡುಗಡೆ ಸಿಗುತ್ತದೆ. ಇದು ಬರೆಯುವವರ ನಂಬಿಕೆ. ಆಮಿಶರು ನಾನು ಉದ್ಧಾರವಾದೆ ಅಂತ ಹೇಳಿಕೊಳ್ಳಲು ಹಿಂಜರಿಯುತ್ತಾರೆ, ಅದು ಅಹಂಕಾರದ ಮಾತು ಅನ್ನುತ್ತಾರೆ, ಅಂಥ ಭರವಸೆ ಇದೆ ಅನ್ನುವಲ್ಲಿಗೆ ನಿಲ್ಲುತ್ತಾರೆ. ಅವರಲ್ಲಿ ಹಿಂತಿರುಗುವುದು ಅಂದರೆ ಇಪ್ಪತ್ತರಿಂದ ನಲವತ್ತು ಕುಟುಂಬಗಳ ಒಂದು ಸಭೆಗೆ ಹಿಂತಿರುಗುವುದು. ಅವನ ತಪ್ಪಿನ ಅಳತೆ ಗೊತ್ತಿರುವ ಅಷ್ಟೂ ಜನರ ಮುಂದೆ. ಕೊಟ್ಟಿಗೆಯ ಪ್ರಾರ್ಥನೆಗಿಂತ ಅದು ಎಷ್ಟು ಕಷ್ಟ! ಕಾದಂಬರಿ ಅದನ್ನೇ ಬಿಟ್ಟುಬಿಟ್ಟರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಬೇಗ ಕ್ಷಮಿಸು ಅನ್ನುವ ಒತ್ತಾಯದ ಕತ್ತಲೆಯ ಕಡೆಯೂ ಇದೆ, ಅದನ್ನು ಹೇಳದೆ ಹೋಗಲಾರೆ. ಈಚಿನ ವರ್ಷಗಳಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಕೆಲವು ಆಮಿಶ್ ಹೆಂಗಸರು ತಮ್ಮ ಮೇಲಾದ ದೌರ್ಜನ್ಯದ ಬಗ್ಗೆ ಮಾತಾಡಿದ್ದಾರೆ. ತಪ್ಪು ಮಾಡಿದವನು ಮಂಡಿಯೂರಿದ, ಕೆಲವು ವಾರ ದೂರ ಇಟ್ಟರು, ಒಳಗೆ ಕರೆದುಕೊಂಡರು, ಇನ್ನು ಮೇಲೆ ಆ ಮಾತು ಎತ್ತಬೇಡ ಅಂದರು. ಪ್ರೇಮಕಥೆಯಲ್ಲಿ ಸಿಹಿಯಾಗಿ ಕಾಣುವ ಅದೇ ನಿಯಮ ಅಲ್ಲಿ ಹುಡುಗಿಯ ಬಾಯಿ ಮುಚ್ಚಿಸಿದೆ. ಇದನ್ನು ಓದಿದ ಮೇಲೆ ಯಾವ ಕಾದಂಬರಿಯಲ್ಲಾದರೂ ಅವಳು ‘ನನಗೆ ಇನ್ನೂ ಸಮಯ ಬೇಕು’ ಅಂದರೆ ನಾನು ಅವಳ ಪಕ್ಷ.

ವಿಧವೆ, ವಿಧುರರ ಕಥೆಗಳದು ಬೇರೆಯೇ ಹದ. ಹೆಂಡತಿ ತೀರಿಕೊಂಡಿದ್ದಾಳೆ, ನಾಲ್ಕು ಮಕ್ಕಳು, ಮನೆಗೆಲಸಕ್ಕೆ ಬರುವವಳು ಅವನು ಹಿಂದೆ ಬಿಟ್ಟ ಹುಡುಗಿ. ಸಾವಿರ ಸಲ ಬಂದಿರುವ ಕಥೆ, ಆದರೂ ಓದಿಸಿಕೊಳ್ಳುತ್ತದೆ. ಕನ್ನಡದಲ್ಲಿ ಓದಿ ಬೆಳೆದವಳಿಗೆ ಇಲ್ಲಿ ಒಂದು ಹೊಸತು ಕಾಣುತ್ತದೆ. ವಿಧವೆ ಮತ್ತೆ ಮದುವೆಯಾಗಬಹುದಾ ಅಂತ ಈ ಪುಸ್ತಕಗಳಲ್ಲಿ ಯಾರೂ ಕೇಳುವುದೇ ಇಲ್ಲ. ನಮ್ಮ ಮೊದಲ ಸಾಮಾಜಿಕ ಕಾದಂಬರಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’, 1899ರಲ್ಲಿ ಬಂದದ್ದು, ಮುಖ್ಯವಾಗಿ ಆ ಪ್ರಶ್ನೆಯ ಮೇಲೆ ನಿಂತಿದೆ. ಉತ್ತರ ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಉಡಿಕೆ, ಅಂದರೆ ವಿಧವೆಯ ಮರುಮದುವೆ, ಮೊದಲಿನಿಂದ ಇತ್ತು ನಿಜ, ಆದರೆ ಪುಸ್ತಕಗಳಲ್ಲಿ ನಾವು ಓದಿದ್ದು ಹೆಚ್ಚಾಗಿ ತಲೆ ಬೋಳಿಸಿಕೊಂಡು ಮೂಲೆ ಸೇರಿದವರ ಕಥೆ. ಆಮಿಶ್ ಊರಿನಲ್ಲಿ ಎಷ್ಟೊಂದು ಬಿಗಿ ಇದೆ, ಟೋಪಿಯ ಮಡಿಕೆಗೂ ನಿಯಮ ಇದೆ, ಆದರೆ ವಿಧವೆಯ ಎದುರು ಈ ಬಾಗಿಲು ತೆರೆದೇ ಇದೆ. ಹೀಗಾಗಿ ಅವಳ ಕಥೆಯಲ್ಲಿ ತಡೆ ಊರಿನದಲ್ಲ, ಅವಳದೇ. ಸತ್ತವನನ್ನು ಪ್ರೀತಿಸಿದ್ದಳು. ಆ ಪ್ರೀತಿ ಎಲ್ಲಿಗೆ ಹೋಗಬೇಕು ಅನ್ನುವುದು ಅವಳ ಪ್ರಶ್ನೆ. ಆಮಿಶ್ ಮದುವಣಗಿತ್ತಿ ಮದುವೆಯ ದಿನ ಹಾಕಿದ ಬಿಳಿ ಏಪ್ರನ್ ಮತ್ತು ಮೇಲುಬಟ್ಟೆಯನ್ನು ಎತ್ತಿಡುತ್ತಾಳೆ, ಸತ್ತಾಗ ಅದನ್ನೇ ಹಾಕಿ ಮಣ್ಣು ಮಾಡುತ್ತಾರೆ. ಪೆಟ್ಟಿಗೆಯಲ್ಲಿ ಮೊದಲ ಮದುವೆಯ ಆ ಬಟ್ಟೆ ಇಟ್ಟುಕೊಂಡೇ ಎರಡನೇ ಗಂಡನ ಮನೆಗೆ ಹೋಗುವ ಹೆಂಗಸು ಎಂಥ ಪಾತ್ರ!

ಇಷ್ಟೆಲ್ಲ ಆಗಿ, ಲ್ಯಾಂಕಾಸ್ಟರ್ ಕಥೆಗಳು ಮುಗಿಯುವುದು ನವೆಂಬರ್ ಮದುವೆಯಲ್ಲಿ. ಸುಗ್ಗಿ ಮುಗಿದಿರುತ್ತದೆ, ಮಂಗಳವಾರ ಗುರುವಾರಗಳಲ್ಲಿ ಸಾಲು ಮದುವೆ, ಮೇಜಿನ ಮೇಲೆ ಹೂವಿನ ಬದಲು ಸೆಲರಿ ಎಂಬ ತರಕಾರಿಯ ದಂಟು, ಅವಳೇ ಹೊಲಿದುಕೊಂಡ ನೀಲಿ ಉಡುಪು, ಉಂಗುರ ಇಲ್ಲ. ಆ ಮೂರ್ನಾಲ್ಕು ಪುಟ ಓದುವಾಗ ಸಂತೋಷವಾಗುತ್ತದೆ, ಮುಚ್ಚುಮರೆ ಇಲ್ಲ.

ಆದರೆ ನಿಜವಾಗಿ ಅಲ್ಲಿ ಮದುವೆಯ ಮಾರನೇ ದಿನ ಹೊಸ ಮನೆ ಹೂಡುವುದಿಲ್ಲ. ಹಳೆಯ ಪದ್ಧತಿಯಂತೆ ಹೊಸ ಜೋಡಿ ವಸಂತದವರೆಗೆ ಹುಡುಗಿಯ ತವರಿನಲ್ಲಿ ಇರುತ್ತದೆ. ಚಳಿಗಾಲದ ವಾರಾಂತ್ಯಗಳೆಲ್ಲ ನೆಂಟರ ಮನೆಗಳಿಗೆ ಹೋಗುವುದೇ. ಒಂದು ರಾತ್ರಿ ಚಿಕ್ಕಪ್ಪನ ಮನೆ, ಮಧ್ಯಾಹ್ನದ ಊಟ ಇನ್ನೊಬ್ಬರಲ್ಲಿ, ಸಂಜೆ ಮತ್ತೊಬ್ಬರಲ್ಲಿ. ಉಡುಗೊರೆಗಳು ಸಿಗುವುದೂ ಆಗಲೇ. ಹತ್ತು ವರ್ಷ ಅವನ ಜೊತೆ ಒಂದು ಮೇಜಿನಲ್ಲಿ ಕೂರದಿದ್ದವರು ಈಗ ಒಬ್ಬೊಬ್ಬರಾಗಿ ಕರೆದು ಬಡಿಸುತ್ತಾರೆ. ಹಳೆಯ ಮಾತು ಎತ್ತುವ ಹಾಗಿಲ್ಲ. ಅವನು ಏನು ಮಾತಾಡುತ್ತಾನೆ? ಪಕ್ಕದಲ್ಲಿ ಕೂತ ಅವಳಿಗೆ ಯಾವ ಮನೆಯಲ್ಲಿ ಸಿಟ್ಟು ವಾಪಸ್ ಬರುತ್ತದೆ, ಯಾವ ಮನೆಯಲ್ಲಿ ಅವನ ಪರ ನಿಲ್ಲಬೇಕು ಅನಿಸುತ್ತದೆ? ವಾಪಸ್ ಹೋಗುವ ದಾರಿಯಲ್ಲಿ, ಗಾಡಿಯಲ್ಲಿ, ಅವರು ಜಗಳ ಆಡುತ್ತಾರಾ? ನಾನು ಓದಿದ ಯಾವ ಪುಸ್ತಕವೂ ಈ ಚಳಿಗಾಲದೊಳಗೆ ಹೋಗಿಲ್ಲ. ಯಾರಾದರೂ ಬರೆದಿದ್ದರೆ ದಯವಿಟ್ಟು ಹೆಸರು ಹೇಳಿ, ಇವತ್ತೇ ತರಿಸಿಕೊಳ್ಳುತ್ತೇನೆ.